ಎಚ್ಚರಿಕೆಯ ಅಕ್ಷರ

ಕೊಯ್ದುಕೊಂಡ ಬೆರಳಿಗೆ ಬಟ್ಟೆ ಸುತ್ತಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಬಡಗಿಗೆ ಪಕ್ಕದ ಇಬ್ಬರು ಹೆಂಗಸರ ಮಾತು ಕೇಳುತ್ತಾ ನೋವೇ ಮರೆತುಹೋಯಿತು. ಇಬ್ಬರೂ ಔಷಧಿ ಡಬ್ಬಿಯೊಳಗಿನ ಚೀಟಿಗಳನ್ನು ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ಫೈಲುಗಳಿಂದ ಅಚ್ಚಿಗೆ ಸಿದ್ಧಪಡಿಸುವವರು. ದೊಡ್ಡವಳ ಮಗು ಒಳಗೆ ಚಿಕಿತ್ಸೆಯಲ್ಲಿತ್ತು; ಅವಳೇ ಸಿಡುಕುತ್ತಿದ್ದಳು.

“ಎಚ್ಚರಿಕೆಯ ಅಕ್ಷರ ಹೇಗಿರಬೇಕು ಅಂತ ಒಂದೇ ಸ್ಟೈಲ್‌ಶೀಟಲ್ಲಿ ಬರೆದಿಟ್ಟಿದ್ದೆ. ಎಲ್ಲ ಚೀಟಿಗೂ ಅದನ್ನೇ ಇಂಪೋರ್ಟ್ ಮಾಡಿ, ಪ್ರತಿ ಸಲ ಅಲ್ಲಿಂದಲೇ ಓದೋ ಹಾಗೆ ಜೋಡಿಸ್ಕೊಳ್ಳಿ ಅಂತ ಬಡ್ಕೊಂಡಿದ್ದೆ!”

“ಅವಸರ ಇತ್ತು ಅಕ್ಕಾ. ಅದರಲ್ಲಿದ್ದದ್ದನ್ನ ಕಾಪಿ ಮಾಡಿ ಒಂದೊಂದು ಚೀಟಿಯಲ್ಲೂ ಹಾಕ್ದೆ. ನೋಡೋಕೆ ಒಂದೇ ಥರ ಇತ್ತಲ್ಲ?”

“ಅವತ್ತು ಇತ್ತು! ಆಮೇಲೆ ಔಷಧಿ ಕಂಪನಿಯವರು ಅಕ್ಷರ ದೊಡ್ಡದು ಮಾಡಿ, ಕೆಂಪು ಮಾಡಿ ಅಂದ್ರು. ನನ್ನ ಫೈಲಲ್ಲಿ ಮಾಡ್ದೆ. ನಿನ್ನ ಕಾಪಿಗಳಿಗೆ ಅದು ಹೇಗೆ ಗೊತ್ತಾಗ್ಬೇಕು?”

“ಜ್ವರದ ಸಿರಪ್ಪಿನ ಚೀಟಿನೂ…?”

“ಅದೂ ನಿಂದೇ! ನಮ್ಮತ್ತೆ ಕನ್ನಡಕ ಹಾಕ್ಕೊಂಡೇ ಓದಿದ್ರು. ಇರುವೆಯಂಥ ಅಕ್ಷರ. ದಿನಕ್ಕೆ ಎರಡೇ ಸಲ ಅನ್ನೋದು ಕಾಣದೆ ಮಗುಗೆ ನಾಲ್ಕು ಸಲ ಕುಡಿಸಿದ್ರು. ಈಗ ಅಲ್ಲಿ ಮೂಲೇಲಿ ಕೂತು ತಮ್ಮನ್ನೇ ಬೈಕೋತಿದ್ದಾರೆ. ಬೈಸ್ಕೋಬೇಕಾದವರು ಅವರಾ?”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು.

“ಮಗು ಕಣ್ಣು ಬಿಟ್ಟಿದೆ. ಗಾಬರಿ ಬೇಡ, ಬನ್ನಿ.”

“ನಾನೂ ಬರ್ಲಾ ಅಕ್ಕಾ?”

“ನೀನು ಆಫೀಸಿಗೆ ಹೋಗು. ಮೊದಲು ಆ ಚೀಟಿಗಳ ಅಚ್ಚು ನಿಲ್ಸು!”

ಚಿಕ್ಕವಳು ಮೆಟ್ಟಿಲಿಳಿದು ಓಡಿದಳು. ದೊಡ್ಡವಳು ಮೂಲೆಗೆ ಹೋಗಿ, ಅತ್ತೆಯ ಕೈ ಹಿಡಿದೆಬ್ಬಿಸಿ, ಅವರನ್ನೇ ಮುಂದೆ ಮಾಡಿಕೊಂಡು ಒಳಗೆ ಹೋದಳು.