ಮೆಟ್ಟಿಲಿಂದ ಬಿದ್ದವರು

ಯುದ್ಧಾಪರಾಧ ವಿಚಾರಿಸುವ ಅಂತರರಾಷ್ಟ್ರೀಯ ನ್ಯಾಯಾಲಯದ ಕಾಯುವ ಕೋಣೆಯಲ್ಲಿ, ಸಾಕ್ಷಿ ಹೇಳಲು ಬಂದಿದ್ದ ವಯಸ್ಸಾದ ನರ್ಸ್ ಮತ್ತು ಒಬ್ಬ ತರುಣಿ ನನ್ನ ಪಕ್ಕ ಕೂತಿದ್ದರು. ನಾನು ಕೇಳಿಸದವಳಂತೆ ಕಾಗದ ತಿರುವುತ್ತಿದ್ದೆ.

"ಆಸ್ಪತ್ರೆ ದಾಖಲೇಲಿ ಸೈನಿಕರು ಕೆಡಿಸಿದ್ದು ಅಂತ ಬರೀದೆ, ಮೆಟ್ಟಿಲಿಂದ ಬಿದ್ದಳು ಅಂತ ಯಾಕೆ ಬರೆದ್ರಿ ಸಿಸ್ಟರ್? ಅವರ ವಕೀಲ ಅದನ್ನೇ ಹಿಡ್ಕೊಂಡಿದ್ದಾನೆ."

"ನಿನ್ನ ಮದುವೆ ಮುರೀಬಾರದು ಅಂತ ಕಣೇ."

"ಈಗ?"

"ಸುಳ್ಳು ಬರೆದೆ ಅಂತ ಒಪ್ಕೋತೀನಿ."

"ನಿಮ್ಮ ಕೆಲಸ ಹೋಗುತ್ತೆ."

"ಹೋಗ್ಲಿ ಬಿಡು. ಒಂದೇ ವಾರದಲ್ಲಿ ಹನ್ನೊಂದು ಹುಡುಗೀರನ್ನ ಮೆಟ್ಟಿಲಿಂದ ಬೀಳ್ಸಿದೀನಿ. ನಮ್ಮೂರಲ್ಲಿ ಮಹಡಿ ಮನೆ ಇದ್ದಿದ್ದೇ ಎರಡು!"

ತರುಣಿ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡಳು.

"ಉಳಿದ ಹತ್ತು ಜನರ ಹೆಸರು ಕೇಳಿದ್ರೆ?"

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ನರ್ಸ್ ಎದ್ದರು.

"ಅದನ್ನ ಅವರೇ ಬಂದು ಹೇಳ್ಬೇಕು. ನಾನಂತೂ ಯಾರಿಗೂ ಹೇಳಲ್ಲ."

ಇಬ್ಬರೂ ಒಳಗೆ ಹೋದರು.