ಒದ್ದೆ ಕೈ, ಒಣ ಕೈ

ಅವತ್ತು ಬೆಳಿಗ್ಗೆ ಜಿಟಿಜಿಟಿ ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಎಲೆಕ್ಟ್ರಿಷಿಯನ್, ಅವನಾಚೆ ಅವನ ಅಕ್ಕ. ಹಿಂದಿನ ಸಂಜೆ ಅಕ್ಕನ ಮನೆಯ ನೀರಿನ ಮೋಟಾರು ರಿಪೇರಿ ಮಾಡುವಾಗ ಅವನಿಗೆ ಶಾಕ್ ಹೊಡೆದಿತ್ತಂತೆ. ಎದೆಯ ಪರೀಕ್ಷೆ ಮುಗಿಸಿ ಕಾಯುತ್ತಿದ್ದರು.

“ಇಪ್ಪತ್ತು ವರ್ಷದಿಂದ ಕರೆಂಟು ಇರೋವಾಗಲೇ ತಂತಿ ಮುಟ್ತೀಯ. ಜುಮ್ ಅನ್ನುತ್ತೆ ಅಷ್ಟೇ ಅಂತಿದ್ದೆ. ನಿನ್ನೆ ಏನಾಯ್ತೋ?” ಎಂದಳು ಅಕ್ಕ.

“ತಂತೀಲಿ ಅದೇ ಇನ್ನೂರ ಮೂವತ್ತು ವೋಲ್ಟು ಅಕ್ಕಾ. ತಳ್ಳೋ ಬಲ ಅಷ್ಟೇ ಇತ್ತು.”

“ಮತ್ತೆ?”

“ತಡೆಯೋದು ಕಮ್ಮಿಯಾಗಿತ್ತು. ಒಣಗಿದ ಚರ್ಮ ಕರೆಂಟನ್ನ ಸುಲಭಕ್ಕೆ ಒಳಗೆ ಬಿಡಲ್ಲ. ನಿನ್ನೆ ಕೈ ಒದ್ದೆ, ಬರಿಗಾಲು, ನೆಲವೆಲ್ಲ ನೀರು. ಅದೇ ಬಲಕ್ಕೆ ಹತ್ತುಪಟ್ಟು ಕರೆಂಟು ಮೈಯೊಳಗೆ ಹರೀತು.”

“ಅಷ್ಟೊಂದಾ?”

“ಅಷ್ಟೂ ಬೇಡ. ಹಳೇ ಕಾಲದ ಒಂದು ಬಲ್ಬು ಉರಿಯೋಕೆ ಬೇಕಾದ ಕರೆಂಟಲ್ಲಿ ಅರ್ಧ ಸಾಕು, ಎದೆ ನಿಲ್ಲೋಕೆ. ಹಿಂದಕ್ಕೆ ಬಿದ್ದೆ, ತಂತಿ ಬಿಟ್ಟುಹೋಯ್ತು, ಉಳಿದೆ.”

ಆಕೆ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ತೊಗಲು! ದೇವರು ಇದನ್ನ ಕಾವಲಿಗಿಟ್ಟಿದ್ದಾನಲ್ಲೋ. ನೀನು ಅದೆಲ್ಲ ನಿನ್ನ ಜಾಣತನ ಅಂದ್ಕೊಂಡಿದ್ದೆ.”

“ಹೂಂ. ಊರಿಗೆಲ್ಲ ಹೇಳ್ಕೊಂಡೂ ತಿರುಗಿದೆ.”

“ಇನ್ನು ಹಾಗೆ ಮುಟ್ಟೋದಾದ್ರೆ ನನ್ನ ಮನೆ ಮೆಟ್ಟಿಲು ಹತ್ತಬೇಡ.”

ನರ್ಸ್ ಬಂದು, ಎದೆ ಚೆನ್ನಾಗಿದೆ, ಹೊರಡಬಹುದು ಎಂದರು. ಇಬ್ಬರೂ ಎದ್ದರು. ಬಿದ್ದ ಮೇಲೆ ಕಿತ್ತು ಜೇಬಿಗೆ ಹಾಕಿಕೊಂಡಿದ್ದ ಅಕ್ಕನ ಮನೆಯ ಫ್ಯೂಸನ್ನು ಅವನು ಮೆಲ್ಲಗೆ ಆಕೆಯ ಅಂಗೈಲಿಟ್ಟ.

“ಇದಿಲ್ಲದೆ ತಂತಿಗೆ ಕರೆಂಟು ಬರಲ್ಲ. ನಾನು ಮೋಟಾರಿನ ಕೆಲಸ ಮುಗಿಸೋವರೆಗೂ ಇದು ನಿನ್ನ ಹತ್ರಾನೇ ಇರಲಿ.”

ಆಕೆ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಬಾಗಿಲು ದಾಟಿದಳು.