ಸಾಕ್ಷಿಗೆ ಬೇಡವಾದ ಸೊಸೆ

ವಕೀಲರ ಕಚೇರಿಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿಗೆ, ಪಕ್ಕದಲ್ಲಿ ಕೂತ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಉಯಿಲಿಗೆ ಸಾಕ್ಷಿ ಸಹಿ ನಾನೇ ಹಾಕ್ತೀನಿ, ಅತ್ತೆ.”

“ನೀನು ಬೇಡ. ಎದುರುಮನೆ ಮೇಷ್ಟ್ರು, ಅವರ ಹೆಂಡ್ತಿ ಹಾಕ್ತಾರೆ.”

“ಗಂಡ ಹೋದ್ಮೇಲೂ ಹನ್ನೆರಡು ವರ್ಷ ನಿಮ್ಮ ಜೊತೆಗಿದ್ದೀನಿ. ಒಂದು ಸಹಿಗೂ ನಾನು ಲಾಯಕ್ಕಿಲ್ವಾ?”

“ನಿನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು.”

ಸೊಸೆ ಮುಖ ತಿರುಗಿಸಿದಳು. ಮುದುಕಿ ನಗು ತಡೆಯಲಾರದೆ ಅವಳ ಕೈ ಹಿಡಿದಳು.

“ಪಾಲು ಸಿಗೋರು ಸಾಕ್ಷಿ ಹಾಕಬಾರದಂತೆ ಕಣೇ. ಹಾಕಿದ್ರೆ ಅವರಿಗೆ ಬರೆದದ್ದು ನಿಲ್ಲಲ್ವಂತೆ.”

“ಅಂದ್ರೆ ಮನೆ…”

“ಮತ್ತೆ, ಪಕ್ಕದ್ಮನೆ ಬೆಕ್ಕಿಗೆ ಬರೀಲಾ?”

ಒಳಗಿಂದ ಕರೆ ಬಂತು. ಸೊಸೆ ಅಂಗೈಯಿಂದ ಕಣ್ಣೊರೆಸಿಕೊಂಡು ಅತ್ತೆಯನ್ನು ಎಬ್ಬಿಸಿದಳು.

“ಅಳಬೇಡ. ನಾನಾಗಲೇ ಸತ್ತೆ ಅಂದ್ಕೊಂಡಾರು ವಕೀಲರು,” ಎನ್ನುತ್ತಾ ಮುದುಕಿ ಒಳಗೆ ನಡೆದಳು.